ಗೊತ್ತಿಲ್ಲದ ಸೀಮೆಯಲ್ಲಿ ಫ್ಲೈ ಗಾಳಕ್ಕೆ ಹೊಳೆ ಹುಡುಕುವುದು

ಕೆಲಸದ ನಿಮಿತ್ತ ಹೊಸ ಸೀಮೆಗಳಿಗೆ ಹೋಗುವಾಗಲೆಲ್ಲ ನಾಲ್ಕು ತುಂಡಾಗಿ ಕಳಚಿಡಬಹುದಾದ ಫ್ಲೈ ರಾಡ್ ಒಂದು ನನ್ನ ಚೀಲದಲ್ಲಿ ಇದ್ದೇ ಇರುತ್ತದೆ. ಫ್ಲೈ ಎಂದರೆ ಕೊಕ್ಕೆಗೆ ಗರಿ, ನೂಲು ಕಟ್ಟಿ ಹುಳುವಿನಂತೆ ಕಾಣಿಸುವ ಕೃತಕ ಎರೆ; ರಾಡ್ ಅದನ್ನು ಎಸೆಯುವ ಗಾಳದ ಕೋಲು. ಕೆಲಸವೆಲ್ಲ ಮುಗಿದು ನನ್ನ ಪಾಲಿಗೆ ಉಳಿಯುವುದು ಒಂದೂವರೆ ದಿನ, ಹೆಚ್ಚೆಂದರೆ ಎರಡು ದಿನ. ಅಷ್ಟರೊಳಗೆ, ಹಿಂದೆಂದೂ ಕಾಲಿಡದ ಕಡೆ, ಟ್ರೌಟ್ ಮೀನಿರುವ ಒಳ್ಳೆಯ ಹೊಳೆಯೊಂದನ್ನು ಕಂಡುಕೊಳ್ಳಬೇಕು. ಮೊದಮೊದಲು ನಾನು ಹುಡುಕುತ್ತಿದ್ದುದು ಹೆಸರಾದ ನದಿಗಳನ್ನು. ಈಗ ಹೆಸರನ್ನು ಬದಿಗಿಟ್ಟು ನೀರಿನ ಗುಣವನ್ನು ಹುಡುಕುತ್ತೇನೆ. ಈ ಬದಲಾವಣೆಗೆ ಕಾರಣವಾದ ಒಂದು ಮಧ್ಯಾಹ್ನದ ಸಂಗತಿಯಿಂದಲೇ ಆರಂಭಿಸುತ್ತೇನೆ.

ಅದು ಆಗಸ್ಟ್ ತಿಂಗಳ ಕೊನೆಯ ವಾರ. ಗಾಳ ಹಾಕುವವರ ಬಾಯಲ್ಲಿ ಸದಾ ಕೇಳಿಬರುವ ದೊಡ್ಡ ನದಿಯೊಂದನ್ನು ಅರಸಿಕೊಂಡು ಮೂರು ಗಂಟೆ ಕಾಲ ವಾಹನ ಓಡಿಸಿಕೊಂಡು ಹೋಗಿದ್ದೆ. ದಡ ಸೇರಿದಾಗ ಮಧ್ಯಾಹ್ನ ಎರಡು ಗಂಟೆ. ನದಿಯ ಪಾತ್ರ ಚಿತ್ರಗಳಲ್ಲಿ ಕಂಡಷ್ಟೇ ಅಗಲವಾಗಿತ್ತು, ಆದರೆ ನೀರು ಮೊಣಕಾಲಿಗೂ ಬರುತ್ತಿರಲಿಲ್ಲ; ಬಿಸಿಲಿಗೆ ಕಾದ ಕಲ್ಲುಗಳ ಮೇಲೆ ಹಸಿರು ಪಾಚಿ ಎಳೆ ಎಳೆಯಾಗಿ ತೂಗಾಡುತ್ತಿತ್ತು. ದಾರಕ್ಕೆ ಕಟ್ಟಿದ ಥರ್ಮಾಮೀಟರನ್ನು ನೆರಳಿದ್ದ ಕಡೆ ಮುಳುಗಿಸಿ, ಎರಡು ನಿಮಿಷ ಬಿಟ್ಟು ತೆಗೆದು ನೋಡಿದರೆ ಕೆಂಪು ಗೆರೆ 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಂತಿತ್ತು. ಅಷ್ಟು ಬೆಚ್ಚಗಿನ ನೀರಿನಲ್ಲಿ ಟ್ರೌಟನ್ನು ಹಿಡಿದು ಬಿಟ್ಟರೆ, ಅದು ಕಣ್ಣೆದುರು ಈಜಿಕೊಂಡು ಹೋದರೂ, ಆಮೇಲೆ ಎಲ್ಲೋ ಕಲ್ಲಿನ ಮರೆಯಲ್ಲಿ ಸಾಯುವ ಸಂಭವ ಹೆಚ್ಚು. ರಾಡನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. ದಡದ ಮರವೊಂದರ ಬುಡದಲ್ಲಿ ಕುಳಿತು, ಹಿಂದಿನ ರಾತ್ರಿಯೇ ಮಾಡಬೇಕಿದ್ದ ಕೆಲಸವನ್ನು ಆಗ ಮಾಡಿದೆ. ನಕ್ಷೆಯನ್ನು ಬಿಡಿಸಿ, ಈ ನದಿಗೆ ಸೇರುವ ನೀರೆಲ್ಲ ಎಲ್ಲಿಂದ ಬರುತ್ತದೆ ಎಂದು ಒಂದೊಂದು ನೀಲಿ ಗೆರೆಯನ್ನೂ ಬೆರಳಿನಿಂದ ಹಿಂಬಾಲಿಸಿದೆ.

ಟ್ರೌಟ್ ಬಯಸುವುದು ತಣ್ಣನೆಯ ನೀರು, ಅದರಲ್ಲಿ ಕರಗಿದ ಆಮ್ಲಜನಕ, ತಿನ್ನಲು ಹುಳುಹುಪ್ಪಟೆ, ಅಡಗಲು ಒಂದು ತಾಣ. ಇವುಗಳಲ್ಲಿ ಮೊದಲನೆಯದು ಕೆಟ್ಟರೆ ಎರಡನೆಯದೂ ಕೆಡುತ್ತದೆ, ಏಕೆಂದರೆ ನೀರು ಬಿಸಿಯಾದಷ್ಟೂ ಅದು ಹಿಡಿದಿಡಬಲ್ಲ ಆಮ್ಲಜನಕ ಕಡಿಮೆಯಾಗುತ್ತದೆ: ಸಮುದ್ರ ಮಟ್ಟದಲ್ಲಿ 10 ಡಿಗ್ರಿಯ ನೀರು ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟರೆ, 20 ಡಿಗ್ರಿಯ ನೀರು ಹಿಡಿದಿಡುವುದು ಸುಮಾರು 9 ಮಿಲಿಗ್ರಾಂ ಮಾತ್ರ. ಅದೇ ಹೊತ್ತಿಗೆ ಮೀನಿನ ಮೈಯ ಅಗತ್ಯ ಏರುತ್ತಿರುತ್ತದೆ. ಕಂದು ಟ್ರೌಟ್ ಹುರುಪಿನಿಂದ ಮೇಯುವುದು ಹೆಚ್ಚುಕಡಿಮೆ 10ರಿಂದ 16 ಡಿಗ್ರಿಯ ನೀರಿನಲ್ಲಿ; 20 ದಾಟಿದರೆ ಗಾಳ ಎತ್ತಿಡುವುದು ಗಾಳ ಹಾಕುವವನ ಕರ್ತವ್ಯ; 25ರ ಹತ್ತಿರ ಬಂದರೆ ಮೀನಿನ ಜೀವಕ್ಕೇ ಅಪಾಯ. ಹೀಗಾಗಿ ಹೊಸ ಸೀಮೆಗೆ ಹೋಗುವಾಗ ನಾನು ಕೇಳಿಕೊಳ್ಳುವ ಮೊದಲ ಪ್ರಶ್ನೆ, ಈ ತಿಂಗಳಲ್ಲಿ, ಈ ಸೀಮೆಯಲ್ಲಿ, ಮಧ್ಯಾಹ್ನದ ಹೊತ್ತಿಗೂ ತಣ್ಣಗೆ ಉಳಿಯುವ ನೀರು ಎಲ್ಲಿದೆ ಎಂಬುದು. ಉಳಿದ ಪ್ರಶ್ನೆಗಳು ಅದರ ಹಿಂದೆ ಬರುತ್ತವೆ.

ಇದಕ್ಕೆ ಉತ್ತರದ ಬಹುಪಾಲು, ಮನೆ ಬಿಡುವ ಮೊದಲೇ, ನೆಲದ ಏರಿಳಿತವನ್ನು ತೋರಿಸುವ ನಕ್ಷೆಯಲ್ಲಿ ಸಿಗುತ್ತದೆ. ಸಮೋನ್ನತಿ ರೇಖೆಗಳು ಒಂದಕ್ಕೊಂದು ಒತ್ತಿಕೊಂಡಿದ್ದರೆ ಅಲ್ಲಿ ನೆಲ ಕಡಿದಾಗಿದೆ, ದೂರ ದೂರ ಇದ್ದರೆ ನೆಲ ಸಮತಟ್ಟಾಗಿದೆ ಎಂಬುದನ್ನು ಶಾಲೆಯಲ್ಲೇ ಓದಿರುತ್ತೇವೆ. ಹೊಳೆಯನ್ನು ದಾಟುವಾಗ ಈ ರೇಖೆಗಳು ಬಾಗಿ ಮೊನೆಯಾಗುತ್ತವೆ, ಆ ಮೊನೆ ಯಾವಾಗಲೂ ಹೊಳೆಯ ಮೂಲದ ಕಡೆಗೆ ತೋರುತ್ತದೆ ಎಂಬುದು ಗಾಳ ಹಾಕುವವನಿಗೆ ಬಹಳ ಉಪಯೋಗದ ಸಂಗತಿ. ಎರಡು ಸೇತುವೆಗಳ ನಡುವೆ ಹೊಳೆಯ ಉದ್ದ ಎಷ್ಟು, ಅಷ್ಟರಲ್ಲಿ ಎತ್ತರ ಎಷ್ಟು ಇಳಿಯುತ್ತದೆ ಎಂದು ನಾನು ಪೆನ್ಸಿಲ್ ಹಿಡಿದು ಲೆಕ್ಕ ಹಾಕುತ್ತೇನೆ. ಹತ್ತು ಕಿಲೋಮೀಟರಿನಲ್ಲಿ ನೂರು ಮೀಟರ್ ಇಳಿದರೆ ಕಿಲೋಮೀಟರಿಗೆ ಹತ್ತು ಮೀಟರ್ ಇಳುಕಲು. ನನ್ನ ಅನುಭವದಲ್ಲಿ ಕಿಲೋಮೀಟರಿಗೆ ಐದರಿಂದ ಇಪ್ಪತ್ತು ಮೀಟರ್ ಇಳಿಯುವ ಹೊಳೆಗಳು ಕಾಲಿಟ್ಟು ಗಾಳ ಹಾಕಲು ಬಹಳ ಹಿತ: ನೀರು ಕಲ್ಲುಗಳ ಮೇಲೆ ಒಡೆದು ಗಾಳಿಯನ್ನು ಸೇರಿಸಿಕೊಳ್ಳುವಷ್ಟು ಇಳುಕಲೂ ಇರುತ್ತದೆ, ನಡುನಡುವೆ ಮಡುಗಳು ನಿಲ್ಲುವಷ್ಟು ಬಿಡುವೂ ಇರುತ್ತದೆ. ಅದಕ್ಕಿಂತ ಕಡಿದಾದರೆ ಹೊಳೆ ಮೆಟ್ಟಿಲು ಮೆಟ್ಟಿಲಾಗಿ ಧುಮುಕುತ್ತದೆ. ಅಲ್ಲಿಯೂ ಮೀನು ಇರಬಹುದು, ಆದರೆ ಒಂದೊಂದೇ ಬೋಗುಣಿಯಷ್ಟು ನೀರಿಗೆ ಫ್ಲೈ ಇಳಿಸುವ ಆ ಆಟವೇ ಬೇರೆ.

ಎತ್ತರವನ್ನೂ ನೋಡಬೇಕು. ಸಾವಿರ ಮೀಟರ್ ಮೇಲೇರಿದರೆ ಗಾಳಿಯ ಉಷ್ಣತೆ ಸರಾಸರಿ ಆರೂವರೆ ಡಿಗ್ರಿಯಷ್ಟು ಇಳಿಯುತ್ತದೆ. ಆದ್ದರಿಂದ ಬಯಲಿನಲ್ಲಿ ಬೆಚ್ಚಗಾದ ನದಿಯೇ ಮೇಲಿನ ಕಣಿವೆಯಲ್ಲಿ ಟ್ರೌಟಿಗೆ ಒಪ್ಪುವಷ್ಟು ತಣ್ಣಗಿರಬಹುದು. ಉತ್ತರ ಗೋಳಾರ್ಧದಲ್ಲಿ ಉತ್ತರಕ್ಕೆ ಮುಖ ಮಾಡಿದ ಇಳಿಜಾರಿಗೆ ಬಿಸಿಲು ಕಡಿಮೆ, ದಕ್ಷಿಣ ಗೋಳಾರ್ಧದಲ್ಲಿ ಇದಕ್ಕೆ ತದ್ವಿರುದ್ಧ. ಅಂಥ ಕಣಿವೆಯಿಂದ, ಕಾಡಿನ ಹಸಿರು ಬಣ್ಣದ ನಡುವೆ ಹಾದು, ದೊಡ್ಡ ನದಿಗೆ ಬಂದು ಸೇರುವ ಸಣ್ಣ ಗೆರೆಯೊಂದು ಕಂಡರೆ ನಾನು ಅಲ್ಲಿ ಗುರುತು ಹಾಕುತ್ತೇನೆ. ಬೇಸಿಗೆಯಲ್ಲಿ ದೊಡ್ಡ ನದಿಯ ಮೀನುಗಳೂ ಇಂಥ ಉಪನದಿಗಳು ಸೇರುವ ಬಾಯಿಗೆ ಬಂದು ಗುಂಪುಗೂಡುವುದುಂಟು. ಹಾಗೆ ದಣಿದು ಬಂದು ನಿಂತ ಮೀನಿಗೆ ಗಾಳ ಹಾಕಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಗಾಳ ಹಾಕಬೇಕಾದದ್ದು ಉಪನದಿಯೊಳಗೆ, ಸಾಕಷ್ಟು ಮೇಲೆ. ಉಪಗ್ರಹ ಚಿತ್ರ ಇದಕ್ಕೆ ಪೂರಕ. ಬಿಳಿ ನೊರೆಯ ಹರಿವು, ಕಡುಬಣ್ಣದ ಮಡು, ದಡದ ಮರಗಳ ನೆರಳು ಎಲ್ಲವೂ ಅದರಲ್ಲಿ ಕಾಣುತ್ತವೆ. ಆದರೆ ಚಿತ್ರ ತೆಗೆದ ತಿಂಗಳು ಯಾವುದು ಎಂದು ನೋಡದೆ ಅದನ್ನು ನಂಬಬಾರದು, ಏಕೆಂದರೆ ವಸಂತದಲ್ಲಿ ತುಂಬಿ ಹರಿಯುವ ಹೊಳೆ ಸೆಪ್ಟೆಂಬರಿನಲ್ಲಿ ಬರೀ ಕಲ್ಲಿನ ಹಾಸಾಗಿರಬಹುದು.

ನಕ್ಷೆಗಳಲ್ಲಿ ಜನ ಮರೆಯುವುದು ಶಿಲೆಗಳ ನಕ್ಷೆಯನ್ನು. ಗ್ರಾನೈಟ್ ಕಲ್ಲಿನ ಮೇಲೆ ಹರಿದುಬರುವ ನೀರು ಕನ್ನಡಿಯಂತೆ ತಿಳಿಯಾಗಿರುತ್ತದೆ, ಆದರೆ ಅದರಲ್ಲಿ ಕರಗಿದ ಖನಿಜ ಕಡಿಮೆ, ಹುಳುಗಳ ಬೆಳೆಯೂ ಕಡಿಮೆ. ಮೀನುಗಳು ಚಿಕ್ಕವು, ಹಸಿದವು, ಎದುರಿಗೆ ಬಿದ್ದ ಯಾವ ಫ್ಲೈಯನ್ನೂ ಹೆಚ್ಚು ಪರೀಕ್ಷಿಸದೆ ಹಿಡಿಯುವಂಥವು. ಸುಣ್ಣಕಲ್ಲಿನ ನೆಲದ ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿರುವುದರಿಂದ ನೀರಗಿಡಗಳು, ಸಿಗಡಿಯ ಜಾತಿಯ ಪುಟ್ಟ ಜೀವಿಗಳು, ಬಸವನಹುಳು ಎಲ್ಲವೂ ಹುಲುಸಾಗಿ ಬೆಳೆಯುತ್ತವೆ. ಅಲ್ಲಿನ ಮೀನು ಕೊಬ್ಬಿರುತ್ತದೆ, ಜೊತೆಗೆ ಆರಿಸಿ ತಿನ್ನುವ ಚಾಳಿಯನ್ನೂ ಬೆಳೆಸಿಕೊಂಡಿರುತ್ತದೆ. ಇಂಗ್ಲೆಂಡಿನ ದಕ್ಷಿಣದಲ್ಲಿ ಹರಿಯುವ ಟೆಸ್ಟ್ ಮತ್ತು ಇಚೆನ್ ನದಿಗಳ ಹಿರಿಮೆಯ ಹಿಂದೆ ಇರುವುದು ಈ ಸುಣ್ಣದ ನೆಲವೇ. ಬಿದ್ದ ಮಳೆ ಅಲ್ಲಿ ಸೀಮೆಸುಣ್ಣದಂಥ ಬಿಳಿ ಕಲ್ಲಿನೊಳಗೆ ಇಂಗಿ, ತಿಂಗಳುಗಟ್ಟಲೆ ತಡೆದು, ಒರತೆಯಾಗಿ ಹೊರಗೆ ಬರುತ್ತದೆ. ಆದ್ದರಿಂದಲೇ ಆ ನದಿಗಳು ಬೇಸಿಗೆಯಲ್ಲಿ ಬತ್ತುವುದೂ ಕಡಿಮೆ, ಮಳೆಗೆ ಕದಡುವುದೂ ಕಡಿಮೆ. ಒರತೆಯ ನೀರಿನ ಉಷ್ಣತೆ ಆಯಾ ಸ್ಥಳದ ವರ್ಷದ ಸರಾಸರಿ ಗಾಳಿಯ ಉಷ್ಣತೆಗೆ ಹತ್ತಿರವಿರುತ್ತದೆ ಎಂಬ ಒಂದು ಸೂತ್ರ ನೆನಪಿದ್ದರೆ, ಯಾವ ಸೀಮೆಗೆ ಹೋದರೂ ಅಲ್ಲಿನ ಒರತೆಯ ಹೊಳೆ ಎಷ್ಟು ತಣ್ಣಗಿರಬಹುದೆಂದು ಕುಳಿತಲ್ಲೇ ಅಂದಾಜು ಮಾಡಬಹುದು.

ಅಣೆಕಟ್ಟಿನ ಕೆಳಗಿನ ಹೊಳೆ ಇನ್ನೊಂದು ಬಗೆ. ಆಳವಾದ ಜಲಾಶಯದ ತಳದಲ್ಲಿ ಬೇಸಿಗೆಯಲ್ಲೂ ತಣ್ಣೀರು ನಿಂತಿರುತ್ತದೆ. ತಳದ ತೂಬಿನಿಂದ ಅದನ್ನು ಹೊರಬಿಟ್ಟಾಗ, ಟ್ರೌಟ್ ಬದುಕಲಾರದಂಥ ಒಣ ಸೀಮೆಯಲ್ಲೂ ಕೆಲವು ಮೈಲಿಗಳ ಉದ್ದಕ್ಕೆ ಅತ್ಯುತ್ತಮ ಹೊಳೆ ಹುಟ್ಟಿಕೊಳ್ಳುತ್ತದೆ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ನವಾಹೋ ಅಣೆಕಟ್ಟಿನ ಕೆಳಗಿನ ಸ್ಯಾನ್ ವಾನ್ ನದಿ ಇದಕ್ಕೆ ಹೆಸರಾದ ಉದಾಹರಣೆ. ಹೊಸಬನಿಗೆ ಇಂಥ ನೀರು ನಂಬಿಕಸ್ಥ. ಸುತ್ತಲಿನ ಹೊಳೆಗಳೆಲ್ಲ ಕದಡಿ ಕೆಂಪಾಗಿರುವ ದಿನವೂ ಅದು ತಿಳಿಯಾಗಿರಬಹುದು. ಆದರೆ ವಿದ್ಯುತ್ತಿಗಾಗಿ ನೀರು ಬಿಡುವ ಅಣೆಕಟ್ಟುಗಳ ಕೆಳಗೆ ಮಳೆಯ ಸುಳಿವೇ ಇಲ್ಲದೆ ನೀರು ಏರುತ್ತದೆ. ನೀರು ಬಿಡುವ ವೇಳಾಪಟ್ಟಿಯನ್ನು ತಿಳಿಯದೆ, ಮೊಳಗುವ ಸೈರನ್ನಿನ ಅರ್ಥ ಗೊತ್ತಿಲ್ಲದೆ ಅಲ್ಲಿ ಇಳಿಯಬಾರದು. ನಾನಂತೂ ನೀರಂಚಿನಲ್ಲಿ ಒಂದು ಒಣಕಲ್ಲನ್ನು ಗುರುತಿಟ್ಟುಕೊಂಡೇ ಇಳಿಯುತ್ತೇನೆ; ಆ ಕಲ್ಲು ಒದ್ದೆಯಾಯಿತೆಂದರೆ ಮರುಮಾತಿಲ್ಲದೆ ದಡ ಹತ್ತುತ್ತೇನೆ.

ಹೊರಡುವ ಹಿಂದಿನ ವಾರದಿಂದ ಹರಿವಿನ ಲೆಕ್ಕವನ್ನು ದಿನವೂ ನೋಡುವುದು ನನಗೆ ಅಭ್ಯಾಸವಾಗಿದೆ. ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣ ಸಂಸ್ಥೆಯು ರಿಯೋ ಗ್ರಾಂಡೆ ನದಿಯ ದಡದ ಎಂಬುಡೋ ಎಂಬಲ್ಲಿ ತನ್ನ ಮೊದಲ ಹರಿವು ಮಾಪನ ಕೇಂದ್ರವನ್ನು ಸ್ಥಾಪಿಸಿದ್ದು 1889ರಲ್ಲಿ. ಇಂದು ಹಲವು ದೇಶಗಳಲ್ಲಿ ಇಂಥ ಕೇಂದ್ರಗಳ ಅಳತೆಯನ್ನು ಫೋನಿನಲ್ಲೇ ನೋಡಬಹುದು. ಕೆಲವೆಡೆ ಕ್ಯೂಸೆಕ್‌ನಲ್ಲಿ, ಅಂದರೆ ಸೆಕೆಂಡಿಗೆ ಇಷ್ಟು ಘನ ಅಡಿ ಎಂದು, ಕೆಲವೆಡೆ ಸೆಕೆಂಡಿಗೆ ಇಷ್ಟು ಘನ ಮೀಟರ್ ಎಂದು ಕೊಟ್ಟಿರುತ್ತಾರೆ. ಒಂದು ಘನ ಮೀಟರ್ ಎಂದರೆ ಸುಮಾರು 35 ಘನ ಅಡಿ. ಆದರೆ ಅಂಕಿಯೊಂದನ್ನೇ ನೋಡಿದರೆ ಏನೂ ತಿಳಿಯುವುದಿಲ್ಲ. 300 ಕ್ಯೂಸೆಕ್ ಎಂಬುದು ಒಂದು ಹೊಳೆಗೆ ಮಹಾಪೂರ, ಇನ್ನೊಂದಕ್ಕೆ ಬರ. ಇದೇ ದಿನಾಂಕದಲ್ಲಿ ಹಿಂದಿನ ವರ್ಷಗಳ ಮಧ್ಯಾಂಕ ಎಷ್ಟಿತ್ತು, ಹರಿವನ್ನು ತೋರಿಸುವ ಆಲೇಖದಲ್ಲಿ ಈಗಿನ ಗೆರೆ ಅದಕ್ಕಿಂತ ಮೇಲಿದೆಯೋ ಕೆಳಗಿದೆಯೋ, ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ನೋಡಬೇಕು. ಏರುತ್ತಿರುವ ನೀರು ಹೂಳನ್ನೂ ಎಲೆಕಡ್ಡಿಯನ್ನೂ ಹೊತ್ತು ತರುತ್ತದೆ. ಮಳೆ ನಿಂತು ಎರಡು ಮೂರು ದಿನಗಳಾಗಿ, ಗೆರೆ ನಿಧಾನವಾಗಿ ಇಳಿಯುತ್ತ, ನೀರು ತಿಳಿಯಾಗುತ್ತಿರುವ ಹೊತ್ತು ಗಾಳಕ್ಕೆ ಬಲು ಒಳ್ಳೆಯದು. ಮೀನು ಹಸಿದಿರುತ್ತದೆ, ಸ್ವಲ್ಪ ಮಬ್ಬಾದ ನೀರಿನ ಧೈರ್ಯದಿಂದ ಮರೆಬಿಟ್ಟು ಹೊರಗೂ ಬಂದಿರುತ್ತದೆ. ಹಿಮ ಕರಗಿ ಹರಿಯುವ ಹೊಳೆಗಳ ಗೆರೆ ಗರಗಸದ ಹಲ್ಲಿನಂತೆ ದಿನಕ್ಕೊಮ್ಮೆ ಏರಿ ಇಳಿಯುತ್ತದೆ. ಹಗಲು ಕರಗಿದ ನೀರು ಕೆಳಗೆ ತಲುಪುವ ಹೊತ್ತು ಯಾವುದೆಂದು ಆ ಗೆರೆಯಿಂದಲೇ ಓದಿಕೊಂಡು, ಅದಕ್ಕೆ ಮೊದಲಿನ ತಾಸುಗಳನ್ನು ಆರಿಸಿಕೊಳ್ಳಬಹುದು.

ಅನುಮತಿಯ ವಿಷಯದಲ್ಲಿ ಒಂದು ಸೀಮೆಯ ರೂಢಿಯನ್ನು ಇನ್ನೊಂದಕ್ಕೆ ಒಯ್ಯುವಂತಿಲ್ಲ. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ 1985ರ ಕಾನೂನಿನಂತೆ, ಸಾರ್ವಜನಿಕ ದಾರಿಯಿಂದ ನದಿಗೆ ಇಳಿದವರು ತುಂಬುಹರಿವಿನ ಸಾಮಾನ್ಯ ಗುರುತಿನ ಒಳಗೇ ಇದ್ದರೆ ಖಾಸಗಿ ಜಮೀನಿನ ನಡುವೆಯೂ ಗಾಳ ಹಾಕುತ್ತ ಸಾಗಬಹುದು. ಅದರ ಪಕ್ಕದ ವಯೋಮಿಂಗ್ ರಾಜ್ಯದಲ್ಲಿ ಖಾಸಗಿ ಜಮೀನಿನ ನಡುವಿನ ನದಿಯ ತಳವೂ ಜಮೀನಿನವರದೇ. ದೋಣಿಯಲ್ಲಿ ತೇಲಿಕೊಂಡು ಹೋಗಬಹುದು, ಕಾಲೂರಿ ನಿಂತರೆ ಅತಿಕ್ರಮಣ. ಇಂಗ್ಲೆಂಡಿನಲ್ಲಿ ಸರ್ಕಾರದ ಗಾಳದ ಪರವಾನಗಿಯ ಜೊತೆಗೆ ನೀರಿನ ಹಕ್ಕುದಾರರ ಒಪ್ಪಿಗೆಯೂ ಬೇಕು. ಮೊಟ್ಟೆಯಿಡುವ ಕಾಲದ ನಿಷೇಧ, ಹಿಮ್ಮುಳ್ಳಿಲ್ಲದ ಕೊಕ್ಕೆಯ ಕಡ್ಡಾಯ, ಮಧ್ಯಾಹ್ನದ ನಿರ್ಬಂಧ ಇವೆಲ್ಲವನ್ನೂ ಮೀನುಗಾರಿಕೆ ಇಲಾಖೆಯ ಆ ವರ್ಷದ ನಿಯಮ ಪುಸ್ತಕದಲ್ಲಿಯೇ ಓದಿಕೊಳ್ಳಬೇಕು. ಮೊಂಟಾನಾದಲ್ಲಿ ನೀರು ಬೆಚ್ಚಗಾದ ಬೇಸಿಗೆಗಳಲ್ಲಿ ಮಧ್ಯಾಹ್ನ ಎರಡರಿಂದ ನಡುರಾತ್ರಿಯವರೆಗೆ ಗಾಳ ಹಾಕುವುದನ್ನು ನಿಷೇಧಿಸುತ್ತಾರೆ. ಇಂಥ ನಿಷೇಧವಿರುವ ನದಿಗಳ ಪಟ್ಟಿ ಹೊಸಬನಿಗೆ ಇನ್ನೊಂದು ಬಗೆಯ ನಕ್ಷೆಯೇ ಸರಿ. ಯಾವ ನೀರು ಬೆಚ್ಚಗಾಗಿದೆ ಎಂಬುದು ಅಲ್ಲಿ ಅಧಿಕೃತವಾಗಿ ಬರೆದಿರುತ್ತದೆ.

ಸ್ಥಳೀಯರನ್ನು ಕೇಳುವುದು ಒಳ್ಳೆಯದೇ, ಆದರೆ ಏನನ್ನು ಕೇಳುತ್ತೇವೆ ಎಂಬುದರ ಮೇಲೆ ಉತ್ತರ ನಿಂತಿದೆ. "ಮೀನು ಎಲ್ಲಿದೆ?" ಎಂದು ಅಪರಿಚಿತನೊಬ್ಬ ಕೇಳಿದರೆ, ವರ್ಷಗಟ್ಟಲೆ ನಡೆದು ತಾನು ಕಂಡುಕೊಂಡ ಮಡುವನ್ನು ಯಾರೂ ತೋರಿಸುವುದಿಲ್ಲ, ತೋರಿಸಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ನಾನು ನೀರಿನ ಬಗ್ಗೆ ಕೇಳುತ್ತೇನೆ. ಕಳೆದ ಮಳೆಗೆ ಯಾವ ಹೊಳೆ ಮೊದಲು ತಿಳಿಯಾಯಿತು, ಬೇಸಿಗೆಯಲ್ಲಿ ಬತ್ತದೆ ಉಳಿಯುವ ತೊರೆ ಯಾವುದು, ಸಂಜೆ ಎಷ್ಟು ಹೊತ್ತಿಗೆ ಹುಳುಗಳು ಏಳುತ್ತವೆ ಎಂಬಂಥ ಪ್ರಶ್ನೆಗಳಿಗೆ ಗಾಳದ ಸಾಮಾನು ಮಾರುವವರೂ ದಡದ ಜಮೀನಿನವರೂ ಸಂತೋಷದಿಂದ ಉತ್ತರಿಸುತ್ತಾರೆ. ಒಮ್ಮೆ ದಡದ ಹುಲ್ಲುಗಾವಲಿನ ಹಿರಿಯರೊಬ್ಬರು, ತಮ್ಮ ದನಗಳು ಸೆಕೆಗಾಲದಲ್ಲಿ ದೊಡ್ಡ ನದಿಯನ್ನು ಬಿಟ್ಟು ಒಂದು ನಿರ್ದಿಷ್ಟ ತಿರುವಿಗೇ ಹೋಗಿ ನೀರು ಕುಡಿಯುತ್ತವೆ ಎಂದರು. ಹೋಗಿ ಕೈ ಅದ್ದಿ ನೋಡಿದರೆ ದಡದ ಬುಡದಿಂದ ಒರತೆ ಒಸರುತ್ತಿತ್ತು. ಬೆರಳು ಮರಗಟ್ಟುವಷ್ಟು ತಣ್ಣನೆಯ ನೀರು. ಒಂದೇ ದಿನ ಸಮಯವಿದ್ದು ಕೈಯಲ್ಲಿ ಹಣವಿದ್ದರೆ ಸ್ಥಳೀಯ ಗೈಡ್ ಒಬ್ಬರನ್ನು ಗೊತ್ತುಮಾಡಿಕೊಳ್ಳುವುದು ಉತ್ತಮ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಅವರ ಜೊತೆ ಕಳೆದ ಒಂದು ದಿನದಲ್ಲಿ ಹಿಡಿದ ಮೀನಿಗಿಂತ, ಆ ಸೀಮೆಯ ನೀರನ್ನು ಅವರು ಹೇಗೆ ನೋಡುತ್ತಾರೆ ಎಂಬ ತಿಳಿವಳಿಕೆ ಹೆಚ್ಚು ದಿನ ಉಳಿಯುತ್ತದೆ.

ಹೊಸ ಹೊಳೆಯ ಮೊದಲ ಸಂಜೆ ನಾನು ರಾಡ್ ಹಿಡಿಯುವುದಿಲ್ಲ. ಸೇತುವೆಯ ಮೇಲೆ, ಪೋಲರಾಯ್ಡ್ ಕನ್ನಡಕ ಹಾಕಿಕೊಂಡು, ಬಿಸಿಲನ್ನು ಬೆನ್ನಿಗೆ ಮಾಡಿಕೊಂಡು ನಿಲ್ಲುತ್ತೇನೆ. ನೀರಿನ ಮೇಲ್ಮೈಯ ಹೊಳಪು ಈ ಕನ್ನಡಕಕ್ಕೆ ಅತಿ ಹೆಚ್ಚು ಸೋಲುವುದು ನೋಟವು ಲಂಬದಿಂದ ಸುಮಾರು 53 ಡಿಗ್ರಿ ಓರೆಯಾಗಿದ್ದಾಗ; ಆದ್ದರಿಂದ ನೇರ ಕೆಳಗೆ ಬಗ್ಗಿ ನೋಡುವುದಕ್ಕಿಂತ ಸ್ವಲ್ಪ ಮುಂದಕ್ಕೆ ನೋಡಿದರೆ ತಳ ಚೆನ್ನಾಗಿ ಕಾಣುತ್ತದೆ. ಮೊದಲು ಕಲ್ಲುಗಳು ಮಾತ್ರ ಕಾಣುತ್ತವೆ. ಹತ್ತು ನಿಮಿಷ ಕಣ್ಣು ಅಲ್ಲೇ ನೆಟ್ಟರೆ ಒಂದು ಕಲ್ಲಿನ ನೆರಳು ಅತ್ತಿತ್ತ ಸರಿಯುತ್ತದೆ, ಆ ನೆರಳಿನ ಮೇಲೆ ಮೈಯೇ ಕಾಣದ ಬಣ್ಣದ ಮೀನು ಹರಿವಿಗೆ ಮುಖ ಮಾಡಿ ನಿಂತಿರುತ್ತದೆ. ವೇಗದ ಹರಿವೂ ನಿಧಾನದ ಹರಿವೂ ಒಂದರ ಬದಿ ಒಂದು ಸಾಗುವ ಗೆರೆಯಲ್ಲಿ, ಅದರ ನಿಧಾನದ ಬದಿಗೆ, ಅದು ಹೆಚ್ಚು ಶ್ರಮವಿಲ್ಲದೆ ನಿಂತು, ವೇಗದ ಬದಿ ಹೊತ್ತುತರುವ ಹುಳುಗಳನ್ನು ಕತ್ತು ಕೊಂಕಿಸಿದಷ್ಟೇ ಸಲೀಸಾಗಿ ಹಿಡಿಯುತ್ತದೆ. ಯಾವ ಸೀಮೆಗೆ ಹೋದರೂ ಈ ಗೆರೆಯನ್ನು ನೊರೆಯೇ ತೋರಿಸಿಕೊಡುತ್ತದೆ.

ಆಮೇಲೆ ಸೇತುವೆಯ ಕಂಬಿಗಳ ಸಂದಿನಲ್ಲಿರುವ ಜೇಡರ ಬಲೆಗಳನ್ನು ನೋಡುತ್ತೇನೆ. ಹಿಂದಿನ ರಾತ್ರಿ ನೀರಿನಿಂದ ಎದ್ದ ಹುಳುಗಳು ಅಲ್ಲಿ ಸಿಕ್ಕಿಕೊಂಡಿರುತ್ತವೆ: ಹಾಯಿಯಂತೆ ನೆಟ್ಟಗೆ ನಿಂತ ಪಾರದರ್ಶಕ ರೆಕ್ಕೆಯ ಮೇಫ್ಲೈ, ಗುಡಿಸಲ ಮಾಡಿನಂತೆ ರೆಕ್ಕೆ ಮಡಚಿದ ಕ್ಯಾಡಿಸ್. ಫ್ಲೈ ಡಬ್ಬಿಯನ್ನು ತೆರೆದು, ಬಣ್ಣಕ್ಕಿಂತ ಮೊದಲು ಗಾತ್ರವನ್ನು ಅವುಗಳ ಪಕ್ಕ ಹಿಡಿದು ಹೋಲಿಸುತ್ತೇನೆ. ಬಲೆಯಲ್ಲಿ 18ನೇ ನಂಬರಿನ ಕೊಕ್ಕೆಯಷ್ಟು ಸಣ್ಣ ಹುಳುಗಳೇ ತುಂಬಿರುವಾಗ 12ನೇ ನಂಬರಿನ ದೊಡ್ಡ ಫ್ಲೈ ಕಟ್ಟುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು.

ನೀರಿನ ಒಳಗಿನ ಲೆಕ್ಕಕ್ಕೆ ಕಲ್ಲು ಎತ್ತಬೇಕು. ಮೊಣಕಾಲುದ್ದದ ನೀರಿನಲ್ಲಿ, ಹರಿವು ಜುಳುಜುಳು ಒಡೆಯುವ ಕಡೆ, ಎರಡು ಅಂಗೈಯಗಲದ ಕಲ್ಲೊಂದನ್ನು ನಿಧಾನವಾಗಿ ಎತ್ತಿ ಮಗುಚಿದರೆ, ಒಂದು ಕ್ಷಣ ಅಲ್ಲಿ ಏನೂ ಇಲ್ಲವೆನಿಸುತ್ತದೆ. ಆಮೇಲೆ ಕಲ್ಲಿನ ಬಣ್ಣದ್ದೇ ಒಂದು ಚೂರು ಓಡತೊಡಗುತ್ತದೆ. ಚಪ್ಪಟೆ ಮೈ, ಅಗಲ ತಲೆ, ಹೊಟ್ಟೆಯ ಎರಡೂ ಬದಿಗೆ ಎಲೆಗಳಂತೆ ಮಿಡಿಯುವ ಕಿವಿರುಗಳು, ಬಾಲದಲ್ಲಿ ಮೂರು ಎಳೆ. ಅದು ಮೇಫ್ಲೈ ಮರಿ. ಎರಡೇ ಬಾಲದ, ಕಾಲಿನ ತುದಿಗೆ ಜೋಡಿ ಉಗುರಿರುವ, ದಪ್ಪಗೆ ತೆವಳುವ ಸ್ಟೋನ್‌ಫ್ಲೈ ಮರಿ ಸಿಕ್ಕರೆ ನನಗೆ ಬಹಳ ಸಮಾಧಾನ, ಏಕೆಂದರೆ ತಣ್ಣಗೆ, ಶುದ್ಧವಾಗಿ, ಆಮ್ಲಜನಕದಿಂದ ತುಂಬಿ ಹರಿಯುವ ನೀರಿಲ್ಲದೆ ಅದು ಬಾಳುವುದಿಲ್ಲ. ಥರ್ಮಾಮೀಟರ್ ಹೇಳುವುದು ಆ ಗಳಿಗೆಯ ಉಷ್ಣತೆಯನ್ನು. ಒಂದು ವರ್ಷವೋ ಎರಡು ವರ್ಷವೋ ಆ ಕಲ್ಲಿನಡಿಯಲ್ಲೇ ಬೆಳೆದ ಸ್ಟೋನ್‌ಫ್ಲೈ ಮರಿ ಅಷ್ಟೂ ಕಾಲದ ನೀರಿಗೆ ಸಾಕ್ಷಿ ಹೇಳುತ್ತದೆ. ಕಲ್ಲಿಗೆ ಅಂಟಿಕೊಂಡ ಮರಳಿನ ಪುಟ್ಟ ಕೊಳವೆಗಳು ಕ್ಯಾಡಿಸ್ ಮರಿಗಳ ಮನೆಗಳು. ಒಂದೊಂದು ಮರಳಕಣವನ್ನೂ ತನ್ನ ರೇಷ್ಮೆಯಿಂದ ಹೊಲಿದು ಕಟ್ಟಿದ ಆ ಕೆಲಸವನ್ನು ಎಷ್ಟು ಸಲ ನೋಡಿದರೂ ನನಗೆ ಸಾಲುವುದಿಲ್ಲ. ನೋಡಿ ಮುಗಿದ ಮೇಲೆ ಕಲ್ಲನ್ನು ಇದ್ದ ಬದಿಗೇ, ಇದ್ದ ಗುಳಿಗೇ ಮರಳಿ ಇಡಬೇಕು. ಕಲ್ಲೆತ್ತಿದಾಗ ತಳದಲ್ಲಿ ಬರೀ ಕಪ್ಪು ಹೂಳು, ಕೆಂಪು ಹುಳು, ಜಿಗಣೆ ಮಾತ್ರ ಕಂಡರೆ ಆ ಹೊಳೆಯನ್ನು ಬಿಟ್ಟು ನಕ್ಷೆಯ ಮುಂದಿನ ಗುರುತಿಗೆ ಹೊರಡುವುದು ಲೇಸು.

ಶರತ್ಕಾಲದಲ್ಲಿ ಹೋದರೆ ಇನ್ನೊಂದನ್ನು ಗಮನಿಸಬೇಕು. ಕಂದು ಟ್ರೌಟ್ ಮೊಟ್ಟೆಯಿಡುವುದು ಆಗ. ಹೆಣ್ಣು ಮೀನು ಬಾಲದಿಂದ ಬಡಿದು ಗರಸನ್ನು ತೊಳೆದು ಗುಳಿ ಮಾಡುವುದರಿಂದ, ಪಾಚಿ ಹಿಡಿದ ಕಂದು ತಳದ ನಡುವೆ ಚಾಪೆಯಗಲದ ತಿಳಿ ಬಣ್ಣದ ಮಚ್ಚೆಗಳು ಕಾಣುತ್ತವೆ. ಆ ಮಚ್ಚೆಯ ಮೇಲೆ ಇಟ್ಟ ಒಂದೇ ಹೆಜ್ಜೆ ಅದರಡಿಯ ಮೊಟ್ಟೆಗಳನ್ನು ಜಜ್ಜಿಬಿಡಬಲ್ಲದು. ಮಳೆಬಿಲ್ಲು ಟ್ರೌಟ್ ಹೆಚ್ಚಾಗಿ ವಸಂತದಲ್ಲಿ ಮೊಟ್ಟೆಯಿಡುತ್ತದೆ, ಆದ್ದರಿಂದ ಎರಡೂ ಜಾತಿ ಇರುವ ಹೊಳೆಯಲ್ಲಿ ವರ್ಷಕ್ಕೆ ಎರಡು ಸಲ ಈ ಎಚ್ಚರ ಬೇಕು.

ಹೊರಗಿನಿಂದ ಬಂದವನು ಹೊಳೆಗೆ ಮಾಡಬಹುದಾದ ಕೇಡುಗಳಲ್ಲಿ ದೊಡ್ಡದು ಅವನ ಬೂಟಿನಲ್ಲಿ ಬರುತ್ತದೆ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ 2004ರಲ್ಲಿ ಡಿಡಿಮೋ ಎಂಬ ಪಾಚಿ ಪತ್ತೆಯಾಯಿತು. ಬರಿಗಣ್ಣಿಗೆ ಕಾಣದ ಒಂದೇ ಜೀವಕೋಶದ ಜೀವಿ, ನದಿಯ ತಳವನ್ನೆಲ್ಲ ಕಂಬಳಿ ಹೊದಿಸಿದಂತೆ ಮುಚ್ಚಿಬಿಡುತ್ತದೆ. ಒದ್ದೆಯನ್ನು ಬಹಳ ಹೊತ್ತು ಹಿಡಿದಿಡುವ ಫೆಲ್ಟ್ (ಒತ್ತಿ ಮಾಡಿದ ದಪ್ಪ ಬಟ್ಟೆ) ಅಡಿಯ ಬೂಟುಗಳನ್ನು ಅಲ್ಲಿ 2008ರಲ್ಲಿ ನಿಷೇಧಿಸಿದರು. 2016ರ ಆಗಸ್ಟಿನಲ್ಲಿ ಮೊಂಟಾನಾದ ಯೆಲ್ಲೋಸ್ಟೋನ್ ನದಿಯಲ್ಲಿ ಪರೋಪಜೀವಿಯೊಂದರ ರೋಗದಿಂದ ಸಾವಿರಾರು ವೈಟ್‌ಫಿಶ್ ಸತ್ತಾಗ, ನದಿಯ 183 ಮೈಲಿ ಉದ್ದವನ್ನು ಅದರ ಉಪನದಿಗಳ ಸಮೇತ ಜನರ ಬಳಕೆಗೇ ಮುಚ್ಚಿದರು. ನಾರ್ವೆಯಲ್ಲಿ ಸಾಲ್ಮನ್ ಮರಿಗಳನ್ನು ಕೊಲ್ಲುವ ಪರೋಪಜೀವಿಯೊಂದರ ಕಾರಣಕ್ಕೆ ಗಾಳದ ಸಾಮಾನುಗಳಿಗೆ ಸೋಂಕುನಿವಾರಣೆ ಮಾಡಿಸಿಯೇ ನದಿಗೆ ಇಳಿಯಬೇಕು. ಎರಡು ದಿನದಲ್ಲಿ ಮೂರು ಹೊಳೆ ನೋಡಬೇಕೆಂಬ ಆಸೆ ನನಗೂ ಇತ್ತು. ಒಂದು ಹೊಳೆಯಿಂದ ಇನ್ನೊಂದಕ್ಕೆ ಹೋಗುವಾಗ ಬೂಟು, ವೇಡರ್ಸ್ (ನೀರಿಗಿಳಿಯಲು ತೊಡುವ ಜಲನಿರೋಧಕ ಷರಾಯಿ), ಬಲೆ ಎಲ್ಲವನ್ನೂ ಉಜ್ಜಿ ತೊಳೆದು ಪೂರ್ತಿ ಒಣಗಿಸುವುದು ಸಣ್ಣ ಪ್ರವಾಸದಲ್ಲಿ ಆಗದ ಮಾತಾದ್ದರಿಂದ, ಈಗ ಒಂದು ಪ್ರವಾಸಕ್ಕೆ ಒಂದೇ ಹೊಳೆ ಎಂದು ತೀರ್ಮಾನಿಸಿಕೊಂಡಿದ್ದೇನೆ. ಅದನ್ನು ಸರಿಯಾಗಿ ಆರಿಸಿಕೊಳ್ಳಲು ಇಷ್ಟೆಲ್ಲ ಹೊತ್ತು ಕಳೆಯುವುದಕ್ಕೆ ಇದೂ ಒಂದು ಕಾರಣ.

ಆ ಆಗಸ್ಟ್ ಮಧ್ಯಾಹ್ನ ನಕ್ಷೆಯಲ್ಲಿ ನನ್ನ ಬೆರಳು ನಿಂತದ್ದು ಆರು ಕಿಲೋಮೀಟರ್ ಮೇಲೆ ನದಿಗೆ ಸೇರುವ ಒಂದು ತೆಳು ಗೆರೆಯ ಮೇಲೆ. ಸಂಜೆ ನಾಲ್ಕೂವರೆಗೆ ಅಲ್ಲಿ ಥರ್ಮಾಮೀಟರ್ ಇಳಿಸಿದಾಗ 14 ಡಿಗ್ರಿ. ದೊಡ್ಡ ನದಿಗಿಂತ ಎಂಟು ಡಿಗ್ರಿ ಕಡಿಮೆ. ಆ ಸಂಜೆ ಕಲ್ಲುಗಳನ್ನು ಮಾತ್ರ ಎತ್ತಿ ನೋಡಿದೆ. ಮರುದಿನ ಬೆಳಕು ಹರಿಯುವ ಹೊತ್ತಿಗೆ ಕೆಳಗಿನಿಂದ ಮೇಲಕ್ಕೆ, ಮೀನುಗಳ ಬೆನ್ನ ಹಿಂದಿನಿಂದ, ಬಗ್ಗಿಕೊಂಡು ನಡೆಯುತ್ತ ಹೋದೆ. ಮೂರನೆಯ ಮಡುವಿನ ತಲೆಯಲ್ಲಿ, ನೊರೆಯ ಗೆರೆ ಬೇರಿನ ಕೆಳಗೆ ನುಸುಳುವ ಕಡೆ, 16ನೇ ನಂಬರಿನ ಕಂದು ಕ್ಯಾಡಿಸ್ ಎರಡು ಅಡಿ ತೇಲುವಷ್ಟರಲ್ಲಿ ನೀರು ಸದ್ದಿಲ್ಲದೆ ಉಬ್ಬಿ ತಗ್ಗಿತು. ಬಲೆಯನ್ನು ನೀರಿನಿಂದ ಮೇಲೆತ್ತದೆಯೇ ಕೊಕ್ಕೆ ಬಿಡಿಸಿದೆ. ಒಂದು ಗೇಣಿಗಿಂತ ಸ್ವಲ್ಪ ಉದ್ದದ ಕಂದು ಟ್ರೌಟ್, ಬೆಣ್ಣೆಯ ಬಣ್ಣದ ಹೊಟ್ಟೆ, ಬದಿಯಲ್ಲಿ ತಿಳಿ ಉಂಗುರದ ನಡುವೆ ಕುಂಕುಮದ ಚುಕ್ಕೆಗಳು. ಅಂಗೈಯ ಮೇಲೆ ಒಂದೆರಡು ಸಲ ಕಿವಿರು ಆಡಿಸಿ, ತಾನು ಬಂದ ಬೇರಿನಡಿಗೇ ಮರಳಿ ಹೋಯಿತು.

ಆ ತೊರೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅದರ ಅಗಲ ನಾಲ್ಕು ಹೆಜ್ಜೆ, ಒಂದೊಂದು ಮಡುವಿನಲ್ಲಿ ಇರುವುದು ಎರಡು ಮೂರು ಮೀನು. ವಾರಕ್ಕೆ ಹತ್ತು ಜನ ಬಂದು ಕಾಲಿಟ್ಟರೂ ಅದು ತಾಳುವುದಿಲ್ಲ. ಉತ್ತರಕ್ಕೆ ತೆರೆದ ಕಣಿವೆ, ನಡುವೆ ಒಂದು ಪಟ್ಟಿ ಸುಣ್ಣಕಲ್ಲು, ಕಿಲೋಮೀಟರಿಗೆ ಹನ್ನೆರಡು ಮೀಟರ್ ಇಳುಕಲು, ಎರಡನೆಯ ಸೇತುವೆಯಿಂದ ಮೇಲಕ್ಕೆ ನಲವತ್ತು ನಿಮಿಷದ ನಡಿಗೆ. ಇಂಥ ತೊರೆ ನೀವು ಹೋಗುವ ಸೀಮೆಯ ನಕ್ಷೆಯಲ್ಲೂ ಒಂದಾದರೂ ಇರುತ್ತದೆ.